ತಣ್ಣಗಿನ ದೀಪದ ಸರ

"ಎಷ್ಟು ಕರೆಂಟು ಕುಡೀತದೋ ಇದು?"

ಬಣ್ಣದ ದೀಪದ ಸರ ಹಿಡಿದುಕೊಂಡು ಗುರುಸ್ವಾಮಿ ಯಾರಿಗೂ ಅಲ್ಲದಂತೆ ಕೇಳಿದರು. ತಾಳವಾಡಿಯ ಆ ಅಂಗಡಿಗೆ ಬೆಳಿಗ್ಗೆಯಿಂದ ಇದು ಮೂರನೆಯ ಸಲ. ಎರಡು ಸಲವೂ ಬಸ್‌ಸ್ಟ್ಯಾಂಡಿನ ತನಕ ಹೋಗಿ, ಮನಸ್ಸು ನಿಲ್ಲದೆ ತಿರುಗಿ ಬಂದಿದ್ದರು.

ಮಗಳು ರಂಜಿತಳಿಗೆ ಮದುವೆಯಾದ ಮೇಲೆ ಮೊದಲ ದೀಪಾವಳಿ. ಸಂಜೆಯ ಬಸ್ಸಿಗೆ ಅವಳೂ ಅಳಿಯ ಉಮಾಶಂಕರನೂ ಚಾಮರಾಜನಗರದಿಂದ ಬರುತ್ತಾರೆ. ತಮ್ಮೂರಿನ ಟ್ರಾನ್ಸ್‌ಫಾರ್ಮರ್ ಸುಟ್ಟು ಮೂರು ದಿನ. ಹೊಸ ಅಳಿಯ ಕತ್ತಲೆಯ ಹೊಸಿಲು ದಾಟಬೇಕೆ? ಇರುವುದು ಒಂದೇ ಬ್ಯಾಟರಿ. ಆನೆ ಬಾರದಂತೆ ಹೊಲದ ಸುತ್ತ ಎಳೆದ ಸೋಲಾರ್ ಬೇಲಿಯದು.

ಅಂಗಡಿಯ ದಯಾನಂದ ನಕ್ಕ. "ಅಣ್ಣೋ, ಅಳಿಯನ್ನ ಆರಿಸ್ವಾಗ್ಲೂ ಇಷ್ಟು ಯೋಚ್ನೆ ಮಾಡ್ಲಿಲ್ವಲ್ಲ ನೀವು!"

ಹಳೇ ಬಲ್ಬಿನ ಸರವನ್ನೂ ಎಲ್‌ಇಡಿ ಸರವನ್ನೂ ಅಂಗಡಿಯ ಬ್ಯಾಟರಿಗೆ ಹಾಕಿ ಹೊತ್ತಿಸಿದ. ಗುರುಸ್ವಾಮಿ ಒಂದೊಂದನ್ನೂ ಮುಷ್ಟಿಯಲ್ಲಿ ಹಿಡಿದು ನೋಡಿದರು. ಹಳೆಯದು ಸುಡುತ್ತಿತ್ತು. ಎಲ್‌ಇಡಿ ತಣ್ಣಗಿತ್ತು.

"ಬಿಸಿಯಾಗೋದೆಲ್ಲ ದಂಡ ಕಣಣ್ಣ. ಇದು ಬೆಳಗಾನ ಉರುದ್ರೂ ಬ್ಯಾಟ್ರಿ ಇಳಿಯಾಕಿಲ್ಲ."

ತಣ್ಣಗಿನದನ್ನೇ ಕೊಂಡರು. ಬಸ್ಸಿನಲ್ಲಿ ಚೀಲದೊಳಗೆ ಕೈಯಿಟ್ಟು, ಬಲ್ಬಿಗೊಂದರಂತೆ ಶಿವನಾಮ ಹೇಳಿಕೊಂಡರು. ನಡುವೆ ನಾಮ ನಿಂತಿತು. ಅಳಿಯನ ಬಸ್ಸು ಈಗ ಎಲ್ಲಿದ್ದೀತು?

ಇಳಿದವರು ಮನೆಗೆ ಹೋಗದೆ ಹೊಲಕ್ಕೇ ನಡೆದರು. ಹೊಲವನ್ನು ಅರ್ಧ ಪಾಲಿಗೆ ಮಾಡುತ್ತಿದ್ದವಳು ಬೊಮ್ಮಮ್ಮ. ಬೇಲಿಯ ಬ್ಯಾಟರಿ ಪೆಟ್ಟಿಗೆ ಹೊಲದೊಳಗಿನ ಅವಳ ಗುಡಿಸಲಿನಲ್ಲೇ ಇತ್ತು. ರಾಗಿ ಬಲಿತು ನಿಂತಿತ್ತು; ನಾಡಿದ್ದು ಕೊಯ್ಲು.

"ಎರಡು ಗಂಟೆ ಒತ್ತು ಬ್ಯಾಟ್ರಿ ಕೊಡು ಕಣವ್ವ. ಆರತಿ ಎತ್ತಿ ಒಳಕ್ಕೆ ಕರ್ಕೊಳ್ಳಗಂಟ. ಮುಟ್ಟಿ ನೋಡು, ಬಿಸೀನೇ ಆಗಾಕಿಲ್ಲ. ಚಾರ್ಜು ಅಂಗೇ ಇರ್ತದೆ, ಒತ್ಕೊಂಡೋಗಿ ತಂದ್ಬುಡ್ತೀನಿ."

ಅವಳು ಪೆಟ್ಟಿಗೆಯ ತಂತಿಗೆ ಸರ ತಾಗಿಸಿ ಹೊತ್ತಿಸಿ, ಒಂದು ಬಲ್ಬನ್ನು ಬೆರಳ ನಡುವೆ ಹಿಡಿದಳು. "ದಿಟ ಬುದ್ಧಿ, ತಣ್ಣಗದೆ. ಬ್ಯಾಟ್ರೀಲಿ ಚಾರ್ಜು ಇರ್ತದೆ. ಆ ಎರಡು ಗಂಟೆ ಬೇಲೀಲಿ ಏನಿರ್ತದೆ?"

ಗುರುಸ್ವಾಮಿ ಬೇಲಿಯತ್ತ ತಿರುಗಿದರು. ದೀಪ ಎಷ್ಟು ಕುಡಿಯುತ್ತದೆ ಎಂಬುದೊಂದೇ ಬೆಳಿಗ್ಗೆಯಿಂದ ತಲೆಯಲ್ಲಿತ್ತು. ಬಸ್ಸು ಬರುವ ಹೊತ್ತೂ ಆನೆ ಇಳಿಯುವ ಹೊತ್ತೂ ಒಂದೇ.

"ಅಳಿಯ ಏನಂದ್ಕೊಂಡಾನು ಬೊಮ್ಮಮ್ಮ? ರಾಗಿ ಓದ್ರೆ ನಿನ್ನ ಪಾಲು ನಾನು ಕೊಡ್ತೀನಿ."

"ಆನೆ ಬಂದ್ರೆ ರಾಗಿ ಒಂದೇ ಓದದಾ? ನಾನು ಮಲ್ಗೋದು ಇಲ್ಲೇ." ಅವಳು ಸರ ಬಿಚ್ಚಿ ಅವರ ಕೈಗಿತ್ತು, ಪೆಟ್ಟಿಗೆಯ ಮೇಲೆ ಕೂತುಬಿಟ್ಟಳು. "ಬ್ಯಾಟ್ರಿ ಕೊಡಾಕಿಲ್ಲ ಬುದ್ಧಿ."