ತೊಂಬತ್ತಾರರ ತಿರಸ್ಕಾರ

ಹುಡುಗಿಗೆ ಹೊರಗೆ ಹೋಗಿ ಓದಲು ಏನೂ ಉಳಿದಿರಲಿಲ್ಲ.

ಇದು ಗೊತ್ತಾಗುವ ಸ್ವಲ್ಪ ಮೊದಲು ಮೇಡಂ ಕುರ್ಚಿ ಬಿಟ್ಟೆದ್ದು ಅವಳನ್ನು ತಬ್ಬಿಕೊಂಡಿದ್ದರು. ಹೊರದೇಶದಲ್ಲಿ ಒಂದು ಸೆಮಿಸ್ಟರ್ ಓದಿ ಬರುವ ಆಸೆಯಿರುವ ವಿದ್ಯಾರ್ಥಿಗಳಿಗೆ ದಾರಿ ತೋರಿಸುವುದು ಮೇಡಂ ಕೆಲಸ. ವಿಶ್ವವಿದ್ಯಾಲಯದ ಹುಡುಗರೆಲ್ಲ ಅವರನ್ನು ವಿಮಾನ ಮೇಡಂ ಎನ್ನುತ್ತಿದ್ದರು. ಅವರ ಕೋಣೆ ಮಾತ್ರ ನೆಲಮಾಳಿಗೆಯಲ್ಲಿ, ನೀರಿನ ಪಂಪಿನ ಪಕ್ಕದಲ್ಲಿತ್ತು. ಪಂಪು ಶುರುವಾದರೆ ಗೋಡೆಯ ಮೇಲಿನ ಭೂಪಟ ನಡುಗುತ್ತಿತ್ತು.

ಭೂಗರ್ಭಶಾಸ್ತ್ರ ವಿಭಾಗದಿಂದ ಈವರೆಗೆ ಒಬ್ಬರೂ ಹೋಗಿರಲಿಲ್ಲ. ಆ ವಿಭಾಗದ ಮಕ್ಕಳು ಕಲ್ಲಿನ ಹಾಗೆ ಇಟ್ಟಲ್ಲೇ ಇರುತ್ತಾರೆ ಎಂಬುದು ಕ್ಯಾಂಟೀನಿನ ಹಳೇ ಜೋಕು. ಈಗ ಒಬ್ಬಳಿಗೆ ಸೀಟು ಸಿಕ್ಕಿತ್ತು. ಅದೂ ಹಿಮನದಿಯ ಮೇಲೆ ಪಾಠ ನಡೆಯುವಂಥ ಕಡೆ. ಹುಡುಗಿ ಮೊಬೈಲನ್ನು ತಲೆಯ ಮೇಲೆ ಎತ್ತಿ ಹಿಡಿದುಕೊಂಡೇ ಮೆಟ್ಟಿಲಿಳಿದು ಓಡಿಬಂದಿದ್ದಳು.

"ಟೆಂಟು, ಹಾಸಿಗೆ ಎಲ್ಲ ಮಂಜಿನ ಮೇಲೇ ಮೇಡಂ. ಬೂಟಿಗೆ ಮುಳ್ಳು ಕಟ್ಕೊಂಡು ನಡೀಬೇಕಂತೆ."

"ನೀನು ಇಲ್ಲೀವರೆಗೆ ಮಂಜುಗಡ್ಡೆ ನೋಡಿರೋದು ಎಲ್ಲಿ?"

"ಫ್ರಿಜ್ಜಲ್ಲಿ."

ಇಬ್ಬರೂ ನಕ್ಕರು. ನಗುತ್ತಲೇ ಮೇಡಂ ಕಂಪ್ಯೂಟರಿನಲ್ಲಿ ಅವಳ ಓದಿನ ಪುಟ ತೆರೆದರು. ನಗು ಅಲ್ಲಿಗೆ ನಿಂತಿತು.

ನಿಯಮ ಸರಳವಾಗಿತ್ತು. ಹೊರಗೆ ಹೋದವರು ಅಲ್ಲಿ ನಾಲ್ಕು ವಿಷಯ ಪಾಸು ಮಾಡಬೇಕು, ಆ ನಾಲ್ಕೂ ಇಲ್ಲಿನ ಪದವಿಗೆ ಲೆಕ್ಕಕ್ಕೆ ಬರಬೇಕು. ಕಡ್ಡಾಯ ವಿಷಯಗಳನ್ನು ಇಲ್ಲೇ ಓದಬೇಕು, ಹೊರಗೆ ಓದಬಹುದಾದದ್ದು ಐಚ್ಛಿಕ ವಿಷಯಗಳನ್ನು ಮಾತ್ರ. ಅದಕ್ಕೇ ಹೋಗುವ ಆಸೆಯಿದ್ದವರು ಐಚ್ಛಿಕಗಳನ್ನು ಮುಟ್ಟದೆ ಉಳಿಸಿಕೊಳ್ಳುತ್ತಾರೆ. ಈ ಹುಡುಗಿಯ ಪುಟದಲ್ಲಿ ನಾಲ್ಕೂ ಐಚ್ಛಿಕಗಳ ಮುಂದೆ ಅಂಕ ಬಂದು ಕೂತಿತ್ತು. ಅದೂ ಎಂಥ ಅಂಕ. ಒಂದೂ ತೊಂಬತ್ತಕ್ಕಿಂತ ಕೆಳಗಿರಲಿಲ್ಲ.

"ಏನಮ್ಮಾ ಇದು? ಯಾವಾಗ ಓದಿದೆ ಇಷ್ಟನ್ನೂ?"

"ಬೇಸಿಗೆ ರಜದಲ್ಲಿ. ಹೋಗೋಕೆ ಅಡ್ಡ ಬರಬಾರ್ದು ಅಂತ ಎಲ್ಲಾ ಮೊದಲೇ ಮುಗಿಸಿಬಿಟ್ಟೆ ಮೇಡಂ." ಹೊಗಳಿಕೆಗೆ ಕಾಯುವವಳಂತೆ ನಿಂತಿದ್ದಳು.

ತರಗತಿಯಲ್ಲಿ ಅವಳ ಅಡ್ಡಹೆಸರು ಮುಂಗಡ. ಅವಳ ಮನೆಯಲ್ಲಿ ಕೆಲಸ ಬಾಕಿಯಿಟ್ಟು ಹೊಸಲು ದಾಟುವಂತಿರಲಿಲ್ಲ. ಸಿನಿಮಾಕ್ಕೆ ಹೋಗುವುದಿದ್ದರೂ ಪಾತ್ರೆ ತೊಳೆದು, ಬಟ್ಟೆ ಮಡಚಿ, ನಾಳೆಯ ತರಕಾರಿ ಹೆಚ್ಚಿಟ್ಟೇ ಹೋಗಬೇಕು. ಅಂಥ ಮನೆಯಲ್ಲಿ ಬೆಳೆದವಳು ದೇಶವನ್ನೇ ದಾಟುವ ಮೊದಲು ಏನು ಮಾಡಬೇಕೋ ಅದನ್ನು ಮಾಡಿದ್ದಳು. ಯಾರನ್ನೂ ಕೇಳಿರಲಿಲ್ಲ. ಒಳ್ಳೆ ಕೆಲಸಕ್ಕೆ ಯಾರ ಸಲಹೆ ಬೇಕು?

"ಊಟಕ್ಕೆ ಕರೆದ ಮನೆಗೆ ಹೊಟ್ಟೆ ತುಂಬಿಸ್ಕೊಂಡು ಬಂದಿದ್ದೀಯಲ್ಲೇ ತಾಯಿ," ಎಂದರು ಮೇಡಂ. ಬಿಡಿಸಿ ಹೇಳಿದರು. ಹುಡುಗಿಯ ಮುಖ ಬಿಳಿಚಿಕೊಂಡಿತು. ಅತ್ತಿದ್ದರೆ ಮೇಡಂ ಸಮಾಧಾನ ಹೇಳಿ ಕಳಿಸುತ್ತಿದ್ದರೇನೋ. ಅವಳು ಅಳಲಿಲ್ಲ.

"ಮುಗಿಸಿದ್ದನ್ನ ಮುಗಿಸಿಲ್ಲ ಅನ್ನೋಕಾಗಲ್ವಾ ಮೇಡಂ?"

ಮೇಡಂ ಬೆರಳು ಕೀಬೋರ್ಡಿನ ಮೇಲೆ ನಿಂತಿತು. ಆಗುತ್ತಿತ್ತು. ಫಲಿತಾಂಶ ತಿರಸ್ಕಾರ ಎಂಬ ಒಂದು ನಿಯಮವಿತ್ತು. ಮೂವತ್ತೈದು, ನಲವತ್ತು ಬಂದವರು ಆ ಅಂಕ ಬೇಡವೆಂದು ಅಳಿಸಿ ಮತ್ತೆ ಪರೀಕ್ಷೆ ಬರೆಯಲಿ ಎಂದು ಮಾಡಿದ್ದು. ಅಳಿಸಿದ್ದು ತಿರುಗಿ ಬರುವುದಿಲ್ಲ, ಅಳಿಸಿದವರಿಗೆ ರ‍್ಯಾಂಕೂ ಇಲ್ಲ. ಇಂಥ ಅಂಕಕ್ಕೆ ಅದನ್ನು ಬಳಸಿದವರನ್ನು ಮೇಡಂ ಕಂಡಿರಲಿಲ್ಲ. ಈ ಹುಡುಗಿ ತರಗತಿಗೇ ಮೊದಲಿಗಳು. ಹೇಳುವುದೋ ಬಿಡುವುದೋ? ದಾರಿಗಳನ್ನೆಲ್ಲ ಮುಂದಿಡು, ಯಾವುದಕ್ಕೂ ತಳ್ಳಬೇಡ ಎಂಬುದು ಅವರ ಕೆಲಸದ ಮೊದಲ ಪಾಠ. ಆದರೆ ತಳ್ಳಬೇಕೆಂದು ಅವರ ಎರಡೂ ಕೈ ತುರಿಸುತ್ತಿದ್ದವು. ಕೈಗಳನ್ನು ಮೇಜಿನ ಕೆಳಗಿಟ್ಟುಕೊಂಡು, ಲಾಭಕ್ಕಿಂತ ನಷ್ಟವನ್ನೇ ಹೆಚ್ಚು ಹೊತ್ತು ವಿವರಿಸಿದರು.

"ಅಲ್ಲಿ ಫೇಲಾದರೆ?" ಎಂದಳು ಹುಡುಗಿ.

"ಇಲ್ಲೂ ಇಲ್ಲ, ಅಲ್ಲೂ ಇಲ್ಲ."

"ಫೇಲಾಗಲ್ಲ. ಯಾರ ಸಹಿ ಬೇಕು?"

"ನಿಮ್ಮ ಬಂಡೆದು. ಇವತ್ತು ಐದು ಗಂಟೆ ಒಳಗೆ ವಿಷಯಗಳ ಪಟ್ಟಿ ಅಲ್ಲಿಗೆ ಹೋಗಬೇಕು. ಆಮೇಲೆ ನಿನ್ನ ಸೀಟು ಬೇರೆಯೋರಿಗೆ ಹೋಗುತ್ತೆ."

ಬಂಡೆ ಎಂದರೆ ವಿಭಾಗದ ಮುಖ್ಯಸ್ಥರು. ಮೇಡಂ ಬಾಯಿಗೂ ಆ ಹೆಸರು ಬಂದುಬಿಟ್ಟಿತ್ತು. ಇಬ್ಬರೂ ಅರ್ಧ ಓಡುತ್ತ, ಅರ್ಧ ನಡೆಯುತ್ತ ಅಂಗಳ ದಾಟಿದರು. ದಾರಿಯಲ್ಲೇ ಹುಡುಗಿ ಅಮ್ಮನಿಗೆ ಫೋನು ಹಚ್ಚಿದಳು. ಮಾತು ಮೇಡಂಗೂ ಕೇಳುತ್ತಿತ್ತು.

"ತೊಳೆದಿಟ್ಟ ಪಾತ್ರೆನ ಮತ್ತೆ ಸಿಂಕಿಗೆ ಹಾಕ್ತೀಯೇನೇ? ನಿಂಗೇನು ತಲೆ ಕೆಟ್ಟಿದೆಯಾ?"

"ಹೂಂ ಅಮ್ಮ. ಹಾಕಲಾ ಬೇಡ್ವಾ ಹೇಳು, ಓಡ್ತಾ ಇದ್ದೀನಿ."

ಆ ಕಡೆ ಕುಕ್ಕರು ಕೂಗಿತು. "ತೊಳೆಯೋಳು ನೀನೇ ತಾನೇ. ಹಾಕ್ಕೋ."

ಮುಖ್ಯಸ್ಥರು ಕಿಟಕಿಯ ಬಳಿ ಕೂತು ಭೂತಗನ್ನಡಿಯಲ್ಲಿ ಒಂದು ಕಲ್ಲಿನ ಚೂರು ನೋಡುತ್ತಿದ್ದರು. ಪೂರ್ತಿ ಕೇಳಿದ ಮೇಲೆ ಗಾಜನ್ನು ಹುಡುಗಿಯ ಮುಖದತ್ತ ತಿರುಗಿಸಿದರು.

"ಜ್ವರ ಏನಾದ್ರೂ ಇದೆಯಾ ಅಂತ ನೋಡ್ತಾ ಇದ್ದೀನಿ. ಈ ವಿಭಾಗಕ್ಕೆ ಚಿನ್ನದ ಪದಕ ಬಂದು ಎಷ್ಟು ಕಾಲ ಆಯ್ತು ಗೊತ್ತಾ ನಿಂಗೆ? ಮೇಡಂ, ನಿಮ್ಮ ವಿಮಾನಕ್ಕೆ ಪ್ರಯಾಣಿಕರು ಸಿಗಲಿಲ್ಲ ಅಂತ ನನ್ನ ಮೊದಲನೇ ರ‍್ಯಾಂಕನ್ನೇ ಹತ್ತಿಸ್ಕೊಂಡ್ರಾ?"

ಮೇಡಂಗೆ ಚುರುಕ್ ಅಂದಿತು. ಅದರಲ್ಲಿ ಸ್ವಲ್ಪ ನಿಜವಿತ್ತು.

"ಸರ್," ಎಂದಳು ಹುಡುಗಿ, "ನೀವು ಹಿಮನದಿ ಪಾಠದಲ್ಲಿ ಬೋರ್ಡ್ ಮೇಲೆ ಬಾಣ ಹಾಕ್ತೀರಲ್ಲ, ಅದು ಹೀಗೆ ಜರುಗುತ್ತೆ ಅಂತ. ಜರುಗುವಾಗ ಸದ್ದು ಬರುತ್ತಾ?"

"ಸದ್ದಾ?"

"ಅಲ್ಲಿ ಮಂಜಲ್ಲಿ ತೂತು ಕೊರೆದು ಒಳಗೆ ಮೈಕು ಇಳಿಬಿಡ್ತಾರಂತೆ. ತಳದಲ್ಲಿ ಮಂಜು ಬಂಡೆನ ಉಜ್ಜೋದು ಕೇಳಿಸುತ್ತಂತೆ. ಆ ಸದ್ದಿಂದಲೇ ವೇಗ ಲೆಕ್ಕ ಹಾಕ್ತಾರಂತೆ."

ಮುಖ್ಯಸ್ಥರು ಕಲ್ಲಿನ ಚೂರನ್ನು ಕೆಳಗಿಟ್ಟರು. "ಎಷ್ಟು ಆಳಕ್ಕೆ ಇಳಿಸ್ತಾರೆ?"

ಹುಡುಗಿ ಹೇಳಿದಳು. ಅವರು ಸಾಧ್ಯವಿಲ್ಲ ಎಂದರು. ಅವಳು ಮೊಬೈಲಿನಲ್ಲಿ ಪಾಠಪಟ್ಟಿ ತೋರಿಸಿದಳು. ಅವರು ಕನ್ನಡಕ ಹಣೆಗೇರಿಸಿ, ಅವಳ ಕೈಯಿಂದ ಮೊಬೈಲನ್ನೇ ಕಿತ್ತುಕೊಂಡು ಓದತೊಡಗಿದರು. "ಇದು ಸರಿಯಿದೆ. ಇದು ನಮಗಿಂತ ವಾಸಿ. ಈ ಪುಸ್ತಕ ಹಳೇದು, ಹೋದಾಗ ಅವ್ರಿಗೆ ಹೇಳು." ಮೇಡಂ ಗಡಿಯಾರ ನೋಡಿ ಕೆಮ್ಮಿದರು. ಇಬ್ಬರಿಗೂ ಕೇಳಿಸಲಿಲ್ಲ.

ಕೊನೆಗೆ ಮುಖ್ಯಸ್ಥರು ತಲೆಯೆತ್ತಿದರು. "ಸಂಖ್ಯಾಶಾಸ್ತ್ರ, ಹವಾಮಾನ, ನಕ್ಷೆ ತಯಾರಿಕೆ. ಮೂರನ್ನೂ ಅಳಿಸ್ಕೋ. ಅಂತರ್ಜಲ ಬಿಟ್ಟುಕೊಡಲ್ಲ."

"ಯಾಕೆ ಸರ್?"

"ಅದು ನಾನು ಪಾಠ ಮಾಡಿದ್ದು."

"ಸರ್, ನಾಲ್ಕು ಬೇಕು," ಎಂದರು ಮೇಡಂ. ತಾವೇ ಹೋಗುವವರಂತೆ ಒಂದು ಹೆಜ್ಜೆ ಮುಂದೆ ಬಂದರು. "ಮೂರಾದ್ರೆ ಕಳಿಸೋಕಾಗಲ್ಲ."

ಮುಖ್ಯಸ್ಥರು ಗಲ್ಲ ಕೆರೆದುಕೊಂಡರು. ಕ್ಷೇತ್ರಕಾರ್ಯ ಎಂಬ ಕಡ್ಡಾಯ ವಿಷಯವೊಂದು ಅವಳಿಗಿನ್ನೂ ಬಾಕಿಯಿತ್ತು. ಪ್ರತಿವರ್ಷ ಎಲ್ಲರನ್ನೂ ಊರಾಚೆಯ ಹಳೇ ಕಲ್ಲುಗಣಿಗೆ ಕರೆದೊಯ್ದು ಸುತ್ತಿಗೆ ಕೊಡುತ್ತಿದ್ದರು. ಕಡ್ಡಾಯವಾದರೂ ಅದರ ಜಾಗ ಯಾವುದೆಂದು ತೀರ್ಮಾನಿಸುವುದು ಮುಖ್ಯಸ್ಥರ ಕೈಯಲ್ಲೇ ಇತ್ತು.

"ಈ ವರ್ಷ ನಿಂಗೆ ಗಣಿ ಬೇಡ. ಮಂಜಿನ ಮೇಲೆ ಮಾಡು. ನಾಲ್ಕಾಯ್ತು." ಸಹಿ ಹಾಕಿ, ಕಾಗದ ಕೊಡದೆ ಒಂದು ಗಳಿಗೆ ಹಿಡಿದುಕೊಂಡರು. "ಪದಕ ಹೋಯ್ತು ಅಂತ ಆಮೇಲೆ ನನ್ನ ಹತ್ರ ಬಂದು ಅತ್ತರೆ ಕಲ್ಲಲ್ಲಿ ಹೊಡೀತೀನಿ."

"ನೀವು ಅಳಬಾರ್ದು ಸರ್."

"ಹೋಗೇ, ಹೋಗು. ಆ ಸದ್ದು ರೆಕಾರ್ಡ್ ಮಾಡ್ಕೊಂಡು ಬಾ."

ಪರೀಕ್ಷಾ ವಿಭಾಗದ ಗುಮಾಸ್ತ ಆಗಲೇ ಊಟದ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡಿದ್ದ. ಕಾಗದ ಓದಿ, ಹುಡುಗಿಯನ್ನು ನೋಡಿ, ಮತ್ತೆ ಕಾಗದ ಓದಿದ.

"ಸಂಖ್ಯಾಶಾಸ್ತ್ರ ತೊಂಬತ್ತಾರು. ಬೇಡ್ವಾ?"

"ಬೇಡ."

"ನನ್ನ ಮಗನಿಗೆ ಮೂವತ್ತಾರು ಬಂದಿದ್ದಕ್ಕೆ ಮನೇಲಿ ಸಿಹಿ ಮಾಡಿದ್ವಿ." ಅವನು ಮೇಡಂ ಕಡೆ ತಿರುಗಿದ. "ಬುದ್ಧಿ ಹೇಳ್ಬಾರ್ದಾ ಮೇಡಂ?"

"ಹೇಳಿದೆ. ಕೇಳಲಿಲ್ಲ," ಎಂದರು ಮೇಡಂ. ಮುಖದಲ್ಲಿ ನಗು ತಡೆಯಲಾಗಲಿಲ್ಲ.

ಗುಮಾಸ್ತ ಗುಂಡಿ ಒತ್ತಿದ. ಖಚಿತವೇ ಎಂದು ಯಂತ್ರ ಕೇಳಿತು. ಮತ್ತೆ ಒತ್ತಿದ. ತೊಂಬತ್ತಾರು ಇದ್ದ ಕಡೆ ಒಂದು ಸಣ್ಣ ಗೆರೆ ಬಂತು. ಆಮೇಲೆ ಹವಾಮಾನದ ತೊಂಬತ್ತೆರಡು ಹೋಯಿತು. ನಕ್ಷೆ ತಯಾರಿಕೆಯ ತೊಂಬತ್ತನಾಲ್ಕು ಹೋಯಿತು. ಪ್ರತಿ ಗೆರೆಗೂ ಹುಡುಗಿ ಮೇಡಂ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿಯುತ್ತಿದ್ದಳು. ಬೆರಳು ನೋಯುತ್ತಿತ್ತು, ಮೇಡಂ ಬಿಡಿಸಿಕೊಳ್ಳಲಿಲ್ಲ.

ನೆಲಮಾಳಿಗೆಯವರೆಗೆ ಹೋಗಲು ಪುರುಸೊತ್ತಿರಲಿಲ್ಲ. ಮೇಡಂ ಅಲ್ಲೇ ಕೌಂಟರಿಗೆ ಒರಗಿ, ಮೊಬೈಲಿನಿಂದಲೇ ನಾಲ್ಕು ವಿಷಯಗಳ ಹೆಸರು ಬರೆದು ಅಲ್ಲಿನ ವಿಶ್ವವಿದ್ಯಾಲಯಕ್ಕೆ ಕಳಿಸಿದರು. ಐದಕ್ಕೆ ಇನ್ನೂ ಸ್ವಲ್ಪ ಬಾಕಿಯಿತ್ತು. ಉತ್ತರ ಬರುವವರೆಗೆ ಗುಮಾಸ್ತನೂ ಮನೆಗೆ ಹೊರಡಲಿಲ್ಲ. ಮೊಬೈಲು ಗುಂಯ್ ಎಂದಾಗ ಮೊದಲು ಬಗ್ಗಿ ನೋಡಿದವನು ಅವನೇ.

"ಬನ್ನಿ ಅಂತಿದ್ದಾರೆ," ಎಂದ.

ಹುಡುಗಿ ಕಾರಿಡಾರಿನ ತುದಿಯವರೆಗೆ ಓಡಿ, ಯಾಕೆ ಓಡಿದೆನೆಂದು ತಿಳಿಯದೆ ವಾಪಸ್ಸು ಓಡಿಬಂದಳು. ಮೇಡಂ ಆಗಲೇ ದಪ್ಪ ಕಾಲುಚೀಲ ಎಲ್ಲಿ ಸಿಗುತ್ತದೆ ಎಂದು ಗುಮಾಸ್ತನನ್ನು ಕೇಳುತ್ತಿದ್ದರು.

ಹೋದದ್ದು ಮೂರು ವಿಷಯ, ಇನ್ನೂರ ಎಂಬತ್ತೆರಡು ಅಂಕ, ಒಂದು ಪದಕ.