ಮೋರಿಗೊಂದು ಕೆಂಪು ಚುಕ್ಕಿ

ಶಾಲೆಯ ಹಾಲಿನ ಒಂದಿಡೀ ಗೋಡೆಗೆ ಊರಿನ ನಕ್ಷೆ ಅಂಟಿಸಿದ್ದರು. ಒಳಗೆ ಕಾಲಿಟ್ಟವರಿಗೆಲ್ಲ ನಗರಸಭೆಯವರು ಚುಕ್ಕಿ ಸ್ಟಿಕ್ಕರ್ ಕೊಡುತ್ತಿದ್ದರು. ಊರಲ್ಲಿ ಯಾವುದು ಚೆನ್ನಾಗಿದೆಯೋ ಅಲ್ಲಿಗೆ ಹಸಿರು, ಎಲ್ಲಿ ತೊಂದರೆಯೋ ಅಲ್ಲಿಗೆ ಕೆಂಪು. ಕೆಂಪು ಎಲ್ಲಿ ಹೆಚ್ಚೋ, ಮುಂದಿನ ವರ್ಷ ಅಲ್ಲಿನ ಕೆಲಸ ಮೊದಲು.

ಕಿಡಿಯ ಕಣ್ಣು ನೇರ ತನ್ನ ಓಣಿಗೆ ಹೋಯಿತು. ವೆಲ್ಡಿಂಗ್ ಮಾಡುತ್ತಾನೆಂದು ಅವನಿಗೆ ಆ ಹೆಸರು ಬಂತೋ, ಮಾತಿಗೆ ಮುಂಚೆ ಹೊತ್ತಿಕೊಳ್ಳುತ್ತಾನೆಂದೋ, ಇಟ್ಟವರಿಗೇ ಮರೆತುಹೋಗಿತ್ತು. ನಕ್ಷೆಯಲ್ಲಿ ಓಣಿ ಬೆರಳಗಲವೂ ಇರಲಿಲ್ಲ. ಇದ್ದಷ್ಟು ಜಾಗವೂ ಹಸಿರೋ ಹಸಿರು. ಗೊತ್ತಿಲ್ಲದವರು ನೋಡಿದರೆ ಪಾರ್ಕು ಅಂದುಕೊಳ್ಳಬೇಕು.

ಪಾರ್ಕಂತೆ! ಓಣಿಯ ಮೋರಿ ಕಟ್ಟಿಕೊಂಡು ವರ್ಷವಾಗುತ್ತಾ ಬಂದಿತ್ತು. ಕಂಡವರ ಮನೆಯ ಕೊಳಕೆಲ್ಲ ಬಚ್ಚಲ ತೂತಿನಿಂದ ಉಕ್ಕಿ ಒಳಗೆ ಬರುತ್ತಿತ್ತು. ಅಮ್ಮ ಬೆಳಿಗ್ಗೆ ಎದ್ದರೆ ಮೊದಲ ಕೆಲಸ ಅದನ್ನು ಡಬ್ಬಿಯಲ್ಲಿ ಮೊಗೆದು ಹೊರಗೆ ಚೆಲ್ಲುವುದು. ಅಂಥ ಮನೆಗೆ ಅಕ್ಕ ಆಸ್ಪತ್ರೆಯಿಂದ ಕೂಸನ್ನೆತ್ತಿಕೊಂಡು ಬರುವವಳಿದ್ದಳು. ದಿನ ತುಂಬದೆ ಹುಟ್ಟಿದ, ಹಿಡಿಯಷ್ಟಿದ್ದ ಕೂಸು. ಸೋಂಕು ತಗಲದ ಹಾಗೆ ನೋಡಿಕೊಳ್ಳಿ ಅಂತ ಡಾಕ್ಟರು ಹೇಳಿ ಕೈತೊಳೆದುಕೊಂಡಿದ್ದರು.

ಓಣಿಗೆಲ್ಲ ಹಸಿರು ಹಚ್ಚಿಸಿದ್ದು ಸೋದರಮಾವ. ಮನೆಮನೆಗೂ ಹೋಗಿ, ಕೆಂಪು ಚುಕ್ಕಿ ಕೊಟ್ಟರೆ ಜೇಬಿಗೆ ಹಾಕ್ಕೊಂಡು ಬನ್ನಿ ಅಂದಿದ್ದ. ಮಾವ ಪುಕ್ಕಲನಲ್ಲ. ಹಿಂದೆ ಬೇರೆ ಕಡೆ ಇದ್ದಾಗ ನೀರಿಲ್ಲ, ದೀಪವಿಲ್ಲ ಅಂತ ಜನ ಸೇರಿಸಿ ದೂರು ಕೊಟ್ಟವನೇ ಅವನು. ಅಧಿಕಾರಿಗಳು ಬಂದರು, ನೋಡಿದರು, ನಿಜ ಕಣ್ರೀ ಅಂತ ಒಪ್ಪಿಕೊಂಡೂ ಬಿಟ್ಟರು. ಇಲ್ಲಿ ಮನುಷ್ಯರು ಬದುಕೋಕಾಗಲ್ಲ ಅಂತ ಬರೆದುಕೊಂಡು ಹೋದರು. ಆಮೇಲೆ ಬುಲ್ಡೋಜರ್ ಬಂತು. ಬದುಕೋಕಾಗದ ಆ ಜಾಗದಲ್ಲಿ ಈಗ ಕಾರು ನಿಲ್ಲಿಸುತ್ತಾರೆ.

ಕಿಡಿ ಮೇಜಿನ ಹಿಂದಿದ್ದ ನಗರಸಭೆಯ ಮೇಡಂ ಹತ್ತಿರ ಹೋದ.

"ಇಲ್ಲಿ ಕೆಂಪು ಹಚ್ಚಿದ್ರೆ ತೆಗೆಯೋದು ಮೋರಿ ಕಸಾನೋ, ನಮ್ಮನ್ನೋ?"

ಅದು ತನ್ನ ಕೈಯಲ್ಲಿಲ್ಲ ಅಂದಳು ಆಕೆ. ಯಾವ ಜಾಗದ ಮಾತು ಮೊದಲು ಎತ್ತಬೇಕು ಅಂತ ಮಾತ್ರ ಚುಕ್ಕಿ ಹೇಳುತ್ತದೆ, ಅಲ್ಲಿ ಏನು ಮಾಡಬೇಕು ಅನ್ನೋದು ಮೇಲಿನವರಿಗೆ ಬಿಟ್ಟಿದ್ದು. ಸುಳ್ಳು ಹೇಳಿದ್ದರೆ ಬೈದಾದರೂ ಹಗುರಾಗಬಹುದಿತ್ತು. ನಿಜ ಹೇಳಿ ಅವನ ಬಾಯಿ ಕಟ್ಟಿಹಾಕಿದಳು.

ಅಷ್ಟರಲ್ಲಿ ಮಾವ ಬಂದು ಮೊಣಕೈ ಹಿಡಿದ. "ಇದು ನಿನ್ನೊಬ್ಬನ ಮನೆ ವಿಷಯ ಅಲ್ಲಪ್ಪ. ಇಡೀ ಓಣಿ ಇದೆ."

"ನೀರು ನುಗ್ತಿರೋದೂ ಇಡೀ ಓಣಿಗೇ, ಮಾವ."

"ನುಗ್ಲಿ. ನುಗ್ಗೋಕೆ ಮನೆ ಅಂತ ಒಂದಿದೆಯಲ್ಲ, ಅದಕ್ಕೆ ಸಂತೋಷಪಡು."

ಕಿಡಿ ಮತ್ತೆ ನಕ್ಷೆಯತ್ತ ತಿರುಗಿದ. ನಕ್ಷೆಯ ಮೇಲ್ಗಡೆ ದೊಡ್ಡ ರಸ್ತೆಯವರು ಧಾರಾಳವಾಗಿ ಕೆಂಪು ಹಚ್ಚಿದ್ದರು: ಬೀದಿದೀಪ ಮಂಕಂತೆ, ನಾಯಿ ಬೊಗಳುತ್ತವಂತೆ. ಅವರಲ್ಲಿ ಒಬ್ಬರೂ ಎರಡು ಸಲ ಯೋಚಿಸಿರಲಿಕ್ಕಿಲ್ಲ. ನಾಯಿ ಬೊಗಳಿತು ಅಂತ ಅವರ ಮನೆಯನ್ನು ಯಾರೂ ಒಡೆಯುವುದಿಲ್ಲ. ತೊಂದರೆ ಇದೆ ಅಂತ ಹೇಳಿಕೊಳ್ಳೋದಕ್ಕೂ ಯೋಗ್ಯತೆ ಬೇಕೇನು? ಆದರೆ ಮೊಣಕೈ ಮೇಲೆ ಇನ್ನೂ ಮಾವನ ಕೈಯಿತ್ತು, ಒಮ್ಮೆ ಮನೆ ಕಳಕೊಂಡವನ ಕೈ. ಅದನ್ನು ಕೊಡವಿ ಹಾಕಲು ಕಿಡಿಗೆ ಮನಸ್ಸಾಗಲಿಲ್ಲ.

ಇನ್ನೊಂದು ಕೈಯಿಂದಲೇ ಮೇಜಿನ ಮೇಲಿದ್ದ ಪೆನ್ನು ಎತ್ತಿಕೊಂಡ. ಹಸಿರಿನ ಪಕ್ಕ ವಕ್ರವಕ್ರವಾಗಿ ಬರೆದ: ಮೋರಿ ಕೆಟ್ಟಿದೆ. ಮನೆಗಳು ಗಟ್ಟಿ ಇವೆ. ಕೆಳಗೆ ತಮ್ಮ ಮನೆ ನಂಬರು ಹಾಕಿ, ಮೇಲೆ ಕೆಂಪು ಚುಕ್ಕಿ ಒತ್ತಿದ.

ನಂಬರು ಬೇಕಿಲ್ಲ ಅಂದಳು ಮೇಡಂ.

"ಇರ್ಲಿ. ಬರೋರು ಮೊದ್ಲು ನಮ್ಮನೆಗೇ ಬರ್ಲಿ."

ಮಾವ ಕೈ ಬಿಟ್ಟ. ಮನೆವರೆಗೂ ರಸ್ತೆಯ ಆಚೆ ಬದಿಯಲ್ಲೇ ನಡೆದ.

ಮನೆಯಲ್ಲಿ ಅಮ್ಮ ಅಕ್ಕನ ಮಂಚದ ಕಾಲಿಗೆ ಇಟ್ಟಿಗೆ ಕೊಡುತ್ತಿದ್ದಳು. ಉಕ್ಕಿದರೂ ಕೂಸಿಗೆ ಮುಟ್ಟಬಾರದು ಅಂತ. ಕಿಡಿ ಮಾಡಿದ್ದನ್ನು ಹೇಳಿದ. ಅವಳು ತಲೆ ಎತ್ತದೆ ಕೇಳಿಸಿಕೊಂಡಳು.

"ಮನೆ ಒಡೆಯೋಕೆ ಬಂದ್ರೆ ಈ ಮಂಚ ನೀನೇ ಹೊತ್ತು ಹೊರಗೆ ಹಾಕ್ಬೇಕು, ನೋಡು."

"ಮೋರಿ ಅಗೆಯೋಕೆ ಬಂದ್ರೆ?"

"ಆಗ್ಲೂ ನೀನೇ. ಬಾಣಂತಿ ಮಂಚದ ಪಕ್ಕ ಅಗೆಯೋಕಾಗುತ್ತಾ?" ಇನ್ನೊಂದು ಇಟ್ಟಿಗೆ ಕೈಗೆ ತಗೊಂಡಳು. "ಸದ್ಯಕ್ಕೆ ಈ ಕಡೆ ಎತ್ತು."