ಪಿಹಿಲ್ಲದ ನೀರೂ ಹೀನ್ ಮೆನಿಕೆಯ ಗಂಜಿಯೂ

ಗಲ್‌ಪಿಹಿಲ್ಲ ಎಂಬ ಬೆಟ್ಟದೂರಿನ ಬಸ್ ನಿಲ್ದಾಣದ ಪಕ್ಕ ಹೀನ್ ಮೆನಿಕೆ ಸೊಪ್ಪಿನ ಗಂಜಿ ಮಾರಲು ಕೂತು ಇಪ್ಪತ್ತಾರು ವರ್ಷವಾಗಿತ್ತು. ಕ್ಯಾಂಡಿಯ ಮೊದಲ ಬಸ್ಸು ಹತ್ತುವವರಿಂದ ಹಿಡಿದು ಶಾಲೆಯ ಹೆಡ್‌ಮೇಡಂವರೆಗೆ ಎಲ್ಲರೂ ಅವಳ ಗಿರಾಕಿಗಳೇ. ಕೆಂಪಕ್ಕಿಯನ್ನು ಬೆಣ್ಣೆಯಂತೆ ಬೇಯಿಸಿ, ತೆಂಗಿನ ಹಾಲು ಹಾಕಿ, ಇನ್ನೇನು ಒಲೆಯಿಂದ ಇಳಿಸಬೇಕು ಅನ್ನುವಾಗ ಸೊಪ್ಪಿನ ರಸ ಬೆರೆಸಬೇಕು. ಒಂದು ಕುದಿ ಹೆಚ್ಚಾದರೂ ಹಸಿರು ಸತ್ತು ಗಂಜಿ ಒಣಹುಲ್ಲಿನ ಬಣ್ಣಕ್ಕೆ ತಿರುಗುತ್ತದೆ. ಅವಳ ಗಂಜಿ ಒಂದು ದಿನವೂ ಹಾಗೆ ತಿರುಗಿದ್ದಿಲ್ಲ. ಆ ಹೆಮ್ಮೆಯನ್ನು ಅವಳು ಮುಚ್ಚಿಟ್ಟುಕೊಂಡವಳೂ ಅಲ್ಲ.

ಒಂದು ದಿನ ಒಂದೆಲಗ, ಒಂದು ದಿನ ಕರಿಬೇವು, ಒಂದು ದಿನ ಶತಾವರಿ. ಆದರೆ ಊರು ಅವಳನ್ನು ನೆನೆಯುತ್ತಿದ್ದದ್ದು ಹೀನ್ ಬೋವಿಟಿಯದ ಗಂಜಿಗಾಗಿ. ಅಲ್ಲಿನ ಮಾತಿನಲ್ಲಿ ಹೀನ್ ಎಂದರೆ ಸಣ್ಣದು, ನಯವಾದದ್ದು. ನೇರಳೆ ಹೂ ಬಿಡುವ ಆ ಗಿಡ್ಡ ಪೊದೆಯ ಎಲೆ ಯಕೃತ್ತಿಗೆ ತಂಪು, ಕಾಮಾಲೆಗೆ ಮದ್ದು ಎಂದು ಅವಳ ಅಜ್ಜಿಯ ಕಾಲದಿಂದ ನಂಬಿಕೆ. ಅದನ್ನೇ ಹೋಲುವ, ಒರಟು ಎಲೆಯ ದೊಡ್ಡ ಬೋವಿಟಿಯವೂ ಬೇಲಿ ಬೇಲಿಯಲ್ಲಿ ಬೆಳೆಯುತ್ತದೆ. ಕತ್ತಲಲ್ಲಿ ಮುಟ್ಟಿ ಯಾವುದು ಯಾವುದೆಂದು ಹೇಳುತ್ತೇನೆ ಎಂದು ಅವಳು ಪಂತ ಕಟ್ಟುತ್ತಿದ್ದಳು. ಎದುರು ಪಂತಕ್ಕೆ ಬರುವವರು ಯಾರೂ ಇರಲಿಲ್ಲ.

ಆ ವರ್ಷ ಜೂನ್ ತಿಂಗಳ ಪೊಸೊನ್ ಹುಣ್ಣಿಮೆ ಕಳೆದ ವಾರ ಊರಿಗೆ ಕಾಮಾಲೆ ಹೊಕ್ಕಿತು. ಮೊದಲು ಇಬ್ಬರು, ಆಮೇಲೆ ಐವರು. ಎಂಟನೆಯ ದಿನ ಅವಳ ಮುಂದೆ ನಿಂತ ಸಾಲಿನಲ್ಲಿ ಹನ್ನೊಂದು ಜನರ ಕಣ್ಣು ಹಳದಿ.

"ಕಣ್ಣು ಬಿಡು, ನೋಡ್ತೀನಿ," ಎಂದಳು ದರ್ಜಿ ಸಿರಿಪಾಲನಿಗೆ. "ಅರಿಶಿನ ತೇದಿಟ್ಟ ಹಾಗಿದೆಯಲ್ಲೋ! ಆಸ್ಪತ್ರೆಗೆ ಹೋಗಿ ರಕ್ತ ಕೊಟ್ಟು ಬಂದ್ಯಾ?"

"ನಿನ್ನ ಗಂಜಿ ಇರೋವಾಗ ಆಸ್ಪತ್ರೆ ಯಾಕಕ್ಕಾ?"

"ಸೊಪ್ಪು ಲಿವರ್‌ಗೆ ಕೈ ಆಸರೆ ಕೊಡತ್ತೆ, ಹೊತ್ಕೊಂಡು ಓಡಲ್ಲ. ಮೊದ್ಲು ಡಾಕ್ಟರ್ ಹತ್ರ ಹೋಗಿ ಬಾ. ಅವ್ರು ಕುಡಿಬಹುದು ಅಂದ್ರೆ ನಿಂಗೆ ದಿನಾ ಗಂಜಿ ಎತ್ತಿಡ್ತೀನಿ."

ಹಿಂದೆ ಕೂತು ತೆಂಗಿನಕಾಯಿ ತುರಿಯುತ್ತಿದ್ದ ಉಕ್ಕು ಬಂಡ ಎಂಬ ಹೆಸರಿನ ಅವಳ ಗಂಡ ನಕ್ಕ. "ಊರಿಗೆಲ್ಲ ಹಳದಿ ಹತ್ತಿದ್ರೆ ನಮ್ಮ ಮಡಕೆಗೆ ಹಬ್ಬ ಬಿಡು, ಮೆನಿಕೆ."

"ಆ ಬಾಯಿ ತೊಳ್ಕೊಳಿ ಹೋಗಿ," ಎಂದು ಅವಳು ಸೌಟು ಕುಕ್ಕಿದಳು.

ಆದರೆ ಗಂಡನ ಮಾತು ಅವಳನ್ನು ಚುಚ್ಚುತ್ತಲೇ ಇತ್ತು. ಹಳದಿ ಕಣ್ಣಿನವರೆಲ್ಲ ಯಾರು ಯಾರು? ಮನಸ್ಸಿನಲ್ಲೇ ಒಬ್ಬೊಬ್ಬರನ್ನು ಅವರವರ ಮನೆ ಬಾಗಿಲಲ್ಲಿ ನಿಲ್ಲಿಸಿ ನೋಡಿದಳು. ಮೇಲ್ಕೇರಿಯವರು ಒಬ್ಬರೂ ಇಲ್ಲ. ಅವರದು ಸ್ವಂತ ಬಾವಿ. ಬಿದ್ದವರೆಲ್ಲ ಕೆಳಗಿನವರು, ಪಿಹಿಲ್ಲದ ನೀರು ಕುಡಿಯುವವರು. ಬೆಟ್ಟದ ಒರತೆಯನ್ನು ಕಲ್ಲಿನ ದೋಣಿಯಲ್ಲಿ ಇಳಿಸಿದ ಆ ಪಿಹಿಲ್ಲದಿಂದಲೇ ಊರಿಗೆ ಹೆಸರು ಬಂದದ್ದು. ಅದರ ನೀರು ಅಮೃತವೆಂದು ನಾಲ್ಕು ತಲೆಮಾರು ಹೇಳಿಕೊಂಡು ಬಂದಿದ್ದರು.

ಆಗ ಅವಳಿಗೆ ಒಂದು ವಿಷಯ ನೆನಪಾಯಿತು. ಒರತೆಯ ಬುಡದ ಜವುಗಿನಲ್ಲಿ ಅವಳು ಒಂದೆಲಗ ಕೀಳುತ್ತಿದ್ದಳು. ಏಪ್ರಿಲ್ಲಿನ ಹೊಸ ವರ್ಷ ಕಳೆದಾಗಿನಿಂದ ಅಲ್ಲಿ ಏನೋ ನಾತ. ನನ್ನ ಸೊಪ್ಪಿಗೆ ಈ ಜಾಗ ಬೇಡ ಎಂದು ಅವಳು ಬೇರೆ ಜವುಗು ಹುಡುಕಿಕೊಂಡಿದ್ದಳು. ಯಾರಿಗೂ ಹೇಳಿರಲಿಲ್ಲ. ಸೊಪ್ಪಿಗೆ ಆಗದ ನೀರು ಮನುಷ್ಯರ ಗಂಟಲಿಗೆ ಆದೀತೇ ಎಂಬ ಯೋಚನೆ ಅವಳಿಗೆ ಬಂದಿರಲೇ ಇಲ್ಲ.

ಮರುದಿನ ಆರೋಗ್ಯ ಇನ್‌ಸ್ಪೆಕ್ಟರ್ ರತ್ನಸೂರಿಯನ ಕಚೇರಿಗೆ ಹೋದಳು. ಕೆಲಸಕ್ಕೆ ಬಂದು ವರ್ಷ ತುಂಬದ ಯುವಕ ಅವನು. ತಾಳ್ಮೆಯಿಂದಲೇ ಕೇಳಿಸಿಕೊಂಡ.

"ಅಮ್ಮಾ, ನೀರನ್ನ ಪರೀಕ್ಷೆಗೆ ಕಳಿಸ್ತೀನಿ. ವರದಿ ಬರೋಕೆ ವಾರ ಆಗತ್ತೆ. ವಾಸನೆ ಅಂತ ಹೇಳಿ ಊರಿನ ಪಿಹಿಲ್ಲ ಮುಚ್ಸೋಕಾಗತ್ತಾ? ಕುದಿಸಿ ಕುಡೀರಿ ಅಂತ ಬೋರ್ಡ್ ಹಾಕಿಸ್ತೀನಿ."

"ವಾರದಲ್ಲಿ ಇನ್ನೆಷ್ಟು ಕಣ್ಣು ಹಳದಿ ಆಗ್ಬೇಕು, ಸ್ವಾಮಿ?"

ಬೋರ್ಡು ಬಂತು. ಜನ ಅದರ ಕೆಳಗೇ ಕೊಡ ಇಟ್ಟು ನೀರು ತುಂಬಿಕೊಂಡರು. ಆಗ ಹೀನ್ ಮೆನಿಕೆ ತನ್ನ ಕೈಯಲ್ಲಿದ್ದದ್ದನ್ನು ಮಾಡಿದಳು. ಬೆಳಗ್ಗೆ ಮಡಕೆಯ ಮುಚ್ಚಳದ ಮೇಲೆ ಕೈಯಿಟ್ಟು ಸಾಲಿಗೆಲ್ಲ ಕೇಳುವಂತೆ ಹೇಳಿದಳು: "ಪಿಹಿಲ್ಲದ ನೀರನ್ನ ಕುದಿಸದೆ ಕುಡಿಯೋರಿಗೆ ಇವತ್ತಿಂದ ನನ್ನ ಗಂಜಿ ಇಲ್ಲ. ಒಂದು ಕಡೆ ನಾನು ಲಿವರ್‌ಗೆ ಎಣ್ಣೆ ಹಚ್ತಾ ಇರೋದು, ಇನ್ನೊಂದು ಕಡೆ ನೀವು ಬೆಂಕಿ ಇಡ್ತಾ ಇರೋದು. ಯಾರಿಗೆ ಬೇಕು ಈ ಕೆಲ್ಸ?"

ಸಾಲಿನಲ್ಲಿ ಗದ್ದಲವೆದ್ದಿತು. ಬಾಡಿಗೆ ಕೋಣೆಗಳ ಬೋರ್ಡಿಂಗ್ ನಡೆಸುವ ಸಾಹುಕಾರ ಪಿಯತಿಲಕ ಮುದಲಾಳಿ ಎಲ್ಲರಿಗಿಂತ ಜೋರಾಗಿ ಕೂಗಿದ. "ನಮ್ಮ ಅಜ್ಜ ಮುತ್ತಜ್ಜ ಕುಡಿದ ನೀರು! ನಿನ್ನ ಅಮ್ಮನೂ ಅದನ್ನೇ ಕುಡಿಸಿ ನಿನ್ನ ಬೆಳೆಸಿದ್ದು. ಈಗ ಗಂಜಿಯವಳು ಡಾಕ್ಟರ್ ಆದ್ಲು ನೋಡ್ರಪ್ಪ!"

"ಡಾಕ್ಟರ್ ಅಲ್ಲಣ್ಣ, ಸೊಪ್ಪು ಕೀಳೋಳು. ಆ ಬೆಟ್ಟದಲ್ಲಿ ನಾನು ಬಗ್ಗದೆ ಇರೋ ಜಾಗ ಇಲ್ಲ. ಯಾವ ಮಣ್ಣು ಹೇಗೆ ನಾರತ್ತೆ ಅಂತ ನನ್ನ ಮೂಗಿಗೆ ಗೊತ್ತು. ಬಾ, ಜೊತೇಲೇ ಹತ್ತಿ ನೋಡೋಣ."

ಮುದಲಾಳಿ ಬರಲಿಲ್ಲ. ಸುದ್ದಿ ಕೇಳಿ ಅಲ್ಲಿಗೆ ಬಂದಿದ್ದ ರತ್ನಸೂರಿಯ ಜೊತೆಗೆ ಹೊರಟ. ಐವತ್ತೆಂಟರ ಹೆಂಗಸು ಮುಂದೆ, ಏದುಸಿರು ಬಿಡುವ ಇನ್‌ಸ್ಪೆಕ್ಟರ್ ಹಿಂದೆ. ಜವುಗಿನಿಂದ ಅವಳು ಮೂಗನ್ನೇ ನಂಬಿ ಮೇಲೆ ಹತ್ತಿದಳು. ಹುಲ್ಲು ಬೇರೆಡೆಗಿಂತ ಕಡು ಹಸಿರಾಗಿ ಸೊಕ್ಕಿ ಬೆಳೆದ ಒಂದು ಪಟ್ಟಿ ಕಂಡಿತು. ಅದನ್ನೇ ಹಿಡಿದು ಹೋದರೆ ಮುದಲಾಳಿಯ ಬೋರ್ಡಿಂಗ್‌ನ ಹಿತ್ತಿಲು, ಹೊಸ ಕಕ್ಕಸಿನ ಗುಂಡಿ. ಇಟ್ಟಿಗೆಯಿಲ್ಲ, ಸಿಮೆಂಟಿಲ್ಲ, ಬರೀ ಮಣ್ಣು ತೋಡಿದ್ದು. ಮಳೆಗೆ ಅದರ ಒಂದು ಬದಿ ಕುಸಿದು ಒರತೆಯ ಕಡೆಗೇ ಸೋರುತ್ತಿತ್ತು.

ರತ್ನಸೂರಿಯ ಕರವಸ್ತ್ರ ಮೂಗಿಗೆ ಒತ್ತಿಕೊಂಡು ಕುಸಿದ ಬದಿಯನ್ನು ಬಗ್ಗಿ ನೋಡಿದ. "ವರದಿಗೆ ಕಾಯಲ್ಲ ಅಮ್ಮಾ," ಎಂದ.

ಸಂಜೆಯೊಳಗೆ ಪಿಹಿಲ್ಲಕ್ಕೆ ಬೆಣೆ ಬಿತ್ತು. ಗುಂಡಿ ಮುಚ್ಚಿಸಿದರು, ನೀರಿನ ಟ್ಯಾಂಕರ್ ಬಂತು. ವಾರದ ಮೇಲೆ ಬಂದ ವರದಿಯೂ ಅವಳು ಹೇಳಿದ್ದನ್ನೇ ಹೇಳಿತು. ಬೌದ್ಧ ವಿಹಾರದ ಸಭಾಮಂಟಪದಲ್ಲಿ ಊರು ಸೇರಿದಾಗ ಇನ್‌ಸ್ಪೆಕ್ಟರನನ್ನು ಹೊಗಳಲು ಎದ್ದವರನ್ನು ಅವನೇ ಕೂರಿಸಿದ.

"ಇದನ್ನ ಕಂಡು ಹಿಡಿದಿದ್ದು ನಾನಲ್ಲ. ನಾನು ಬೋರ್ಡ್ ಬರೆಸಿದೆ, ಅಷ್ಟೆ. ಮೆನಿಕೆ ಅಮ್ಮ, ಸ್ವಲ್ಪ ಎದ್ದು ನಿಂತ್ಕೊಳಿ."

ಅವಳು ಎದ್ದಳು. ಕೈ ಎಲ್ಲಿ ಇಡಬೇಕೆಂದು ತಿಳಿಯದೆ ಸೀರೆಯ ನೆರಿಗೆ ಸರಿಮಾಡಿಕೊಂಡಳು. ಎದುರಿನ ಸಾಲಿನಲ್ಲಿ ತಲೆ ತಗ್ಗಿಸಿ ಕೂತ ಮುದಲಾಳಿಯಿಂದ ಕಣ್ಣು ತೆಗೆದು ಸಭೆಯತ್ತ ತಿರುಗಿದಳು. "ಹೊಸ ವರ್ಷದಲ್ಲೇ ವಾಸನೆ ಬಂದಿತ್ತು. ಆಗ್ಲೇ ಹೇಳ್ಬೇಕಿತ್ತು, ಹೇಳ್ಲಿಲ್ಲ. ಅದು ನನ್ನ ತಪ್ಪು," ಎಂದಳು. ಯಾರೂ ಅದನ್ನು ತಪ್ಪೆಂದು ಎಣಿಸಿದಂತೆ ಕಾಣಲಿಲ್ಲ. ದರ್ಜಿ ಸಿರಿಪಾಲ ಎದ್ದು ಚಪ್ಪಾಳೆ ತಟ್ಟಿದ. ಅವನ ಕಣ್ಣಿನ ಬಿಳಿ ಮರಳುತ್ತಿತ್ತು. ಉಕ್ಕು ಬಂಡ ಪಕ್ಕದವನ ಕೈ ಹಿಡಿದು, "ನನ್ನ ಹೆಂಡ್ತಿ," ಎಂದ, ನಲವತ್ತು ವರ್ಷದಿಂದ ಬಲ್ಲ ನೆರೆಯವನಿಗೆ.

ಆಗಸ್ಟಿನ ಹೊತ್ತಿಗೆ ಕಾಮಾಲೆ ಊರು ಬಿಟ್ಟಿತು. ಒಂದು ಬೆಳಗ್ಗೆ ಬೋವಿಟಿಯದ ಗಂಜಿ ಅರ್ಧ ಮಡಕೆ ಹಾಗೇ ಉಳಿಯಿತು.

"ಯಾರೂ ಕೇಳ್ತಿಲ್ಲವಲ್ಲ, ಮೆನಿಕೆ," ಎಂದ ಗಂಡ.

"ಕೇಳದಿದ್ರೆ ಬಿಡ್ಲಿ." ಅವಳು ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು. ದಾರಿಯಲ್ಲಿ ಹೋಗುತ್ತಿದ್ದ ಪೋಸ್ಟ್‌ಮನ್ನನ್ನು ಕೂಗಿ ಬಟ್ಟಲು ತುಂಬಿಸಿ, ಮೇಲೊಂದು ತುಂಡು ಬೈನೆ ಮರದ ಬೆಲ್ಲವಿಟ್ಟು ಕೊಟ್ಟಳು. "ಕುಡಿ. ಲಿವರ್‌ಗೆ ಒಳ್ಳೇದು."

"ನನ್ನ ಲಿವರ್ ಗಟ್ಟಿಯಾಗೇ ಇದೆಯಲ್ಲಕ್ಕಾ?"

"ಗೊತ್ತು ಕಣೋ," ಎಂದಳು ಹೀನ್ ಮೆನಿಕೆ. "ಯಾರಿಂದ ಅಂತಾನೂ ಗೊತ್ತು."